1.6 ಪಟ್ಟು ಅಂದರೆ ಯಾವುದರ ಪಟ್ಟು?

ಪ್ರಶ್ನೆ: ಡಾಕ್ಟ್ರೇ, ನನಗೆ 41 ವರ್ಷ. ಕುತೂಹಲಕ್ಕೆ ಎಂಜಲು ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದೆ. ‘ಎಫ್‌ಜಿಎಫ್‌ಆರ್‌2 ಜೀನ್‌ನಲ್ಲಿ ಅಪಾಯದ ರೂಪ, ಎರಡು ಪ್ರತಿ, ಸ್ತನ ಕ್ಯಾನ್ಸರ್ ಅಪಾಯ 1.6 ಪಟ್ಟು’ ಎಂದು ಕೆಂಪು ಅಕ್ಷರದಲ್ಲಿ ಬಂದಿದೆ. ದೊಡ್ಡಮ್ಮನಿಗೆ 68ನೇ ವಯಸ್ಸಿನಲ್ಲಿ ಈ ಕಾಯಿಲೆ ಬಂದಿತ್ತು. ನಾನು ಸ್ತನ ತೆಗೆಸಿಕೊಳ್ಳಬೇಕಾ? 12 ವರ್ಷದ ಮಗಳಿಗೂ ಪರೀಕ್ಷೆ ಮಾಡಿಸಲಾ?

ಉತ್ತರ: ಎರಡೂ ಬೇಡ. ಮೊದಲು ಆ ಕೆಂಪು ಅಕ್ಷರದ ಮೇಲೆ ನನಗೆ ಸಿಟ್ಟಿದೆ, ಅದನ್ನು ಹೇಳಿಬಿಡುತ್ತೇನೆ. ಮಳೆ ಬರಬಹುದು ಅನ್ನುವುದನ್ನೂ ಮನೆಗೆ ಬೆಂಕಿ ಬಿದ್ದಿದೆ ಅನ್ನುವುದನ್ನೂ ಒಂದೇ ಬಣ್ಣದಲ್ಲಿ ಅಚ್ಚು ಹಾಕಿದರೆ ಓದುವವರ ಗತಿ ಏನು?

ನಿಮ್ಮಲ್ಲಿರುವುದು ಡಿಎನ್‌ಎಯ ಒಂದೇ ಒಂದು ಅಕ್ಷರದ ವ್ಯತ್ಯಾಸ; ಅಮ್ಮನಿಂದ ಒಂದು, ಅಪ್ಪನಿಂದ ಒಂದು, ಹೀಗೆ ಎರಡು ಪ್ರತಿ. 2007ರಲ್ಲಿ ಒಂದು ದೊಡ್ಡ ಅಧ್ಯಯನದಿಂದ ಇದು ಬೆಳಕಿಗೆ ಬಂತು. ಆ ಅಧ್ಯಯನದ ಕೊನೆಯ ಹಂತದಲ್ಲೇ ಸ್ತನ ಕ್ಯಾನ್ಸರ್ ಬಂದಿದ್ದ ಸುಮಾರು 22 ಸಾವಿರ ಹೆಂಗಸರನ್ನು, ಬಾರದಿದ್ದ ಅಷ್ಟೇ ಹೆಂಗಸರನ್ನು ಹೋಲಿಸಿ ನೋಡಿದ್ದರು. ಅಷ್ಟು ಜನ ಯಾಕೆ ಬೇಕಾಯಿತು ಅಂದರೆ, ವ್ಯತ್ಯಾಸ ಅಷ್ಟು ಸಣ್ಣದು. ಬ್ರಿಟನ್‌ನ ಹೆಂಗಸರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ನಿಮ್ಮ ಹಾಗೆ ಎರಡೂ ಪ್ರತಿ ಇವೆ. ಕಾಯಿಲೆ ಬಂದವರಲ್ಲಿ ನೂರಕ್ಕೆ ಸುಮಾರು 19. ಈ 14 ಮತ್ತು 19ರ ನಡುವಿನ ಅಂತರವನ್ನೇ ನೋಡಿ. ಕಾಯಿಲೆ ಬಂದ 100 ಜನರಲ್ಲಿ 81 ಮಂದಿಗೆ ಎರಡು ಪ್ರತಿ ಇರಲೇ ಇಲ್ಲ, ಅಲ್ವಾ?

ಇನ್ನು 1.6ರ ವಿಷಯ. ಹೋಲಿಕೆ ಯಾರ ಜೊತೆ? ಈ ಅಕ್ಷರ ಒಂದೂ ಇಲ್ಲದ ಹೆಂಗಸಿನ ಜೊತೆ. ಎಲ್ಲರನ್ನೂ ಸೇರಿಸಿ ಸರಾಸರಿ ತೆಗೆದು ಹೋಲಿಸಿದರೆ ನಿಮ್ಮದು 1.4 ಪಟ್ಟನ್ನೂ ಮುಟ್ಟುವುದಿಲ್ಲ. ನಿಮ್ಮ ವಯಸ್ಸಿನ 1000 ಹೆಂಗಸರಲ್ಲಿ ಮುಂದಿನ 10 ವರ್ಷದಲ್ಲಿ 15 ಮಂದಿಗೆ ಕಾಯಿಲೆ ಬರುತ್ತದೆ ಎಂದಿಟ್ಟುಕೊಳ್ಳಿ. ಎರಡು ಪ್ರತಿ ಇರುವ 1000 ಮಂದಿಯಲ್ಲಿ ಅದು 20 ಆಗುತ್ತದೆ. ಎಲ್ಲರೂ ಹೆದರಿ ತೆಗೆಸಿಕೊಂಡರೆ ಉಳಿದ 980 ಮಂದಿ ಸುಮ್ನೆ ಸ್ತನ ತೆಗೆಸಿಕೊಂಡ ಹಾಗಾಗುತ್ತದೆ.

ಬಿಆರ್‌ಸಿಎ1 ಅನ್ನುವ ಜೀನ್ ಕೆಟ್ಟಿದ್ದರೆ ಕಥೆ ಬೇರೆ. ಅಲ್ಲಿ 80 ವರ್ಷದೊಳಗೆ ನೂರಕ್ಕೆ ಸುಮಾರು 70 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಸ್ತನ ತೆಗೆಸುವ ಮಾತು ಹುಟ್ಟುವುದು ಅಂಥ ಕಡೆ. ಅದು ಅಪರೂಪ, ಆದರೆ ಪೆಟ್ಟು ದೊಡ್ಡದು. ನಿಮ್ಮದು ತುಂಬಾ ಜನರಲ್ಲಿರುವಂಥದ್ದು, ಪೆಟ್ಟು ಚಿಕ್ಕದು. ಇಂಥ ಚಿಕ್ಕಪುಟ್ಟ ವ್ಯತ್ಯಾಸಗಳು ನೂರಾರು ಇವೆ. ಕೆಲವು ಅಪಾಯ ಏರಿಸುತ್ತವೆ, ಕೆಲವು ಇಳಿಸುತ್ತವೆ. 313 ವ್ಯತ್ಯಾಸಗಳನ್ನು ಒಟ್ಟಿಗೆ ಕೂಡಿಸಿ ಅಂಕ ಕೊಡುವ ಲೆಕ್ಕ 2019ರಲ್ಲಿ ಪ್ರಕಟವಾಯಿತು. ಅದಕ್ಕೆ ಒಂದಿಷ್ಟು ಬೆಲೆ ಇದೆ, ಆದರೆ ಅದೂ ಹೆಚ್ಚಾಗಿ ಯುರೋಪ್ ಮೂಲದವರ ಡಿಎನ್‌ಎ ನೋಡಿ ಕಟ್ಟಿದ್ದು. ಒಂಟಿ ಅಕ್ಷರ ಇಟ್ಟುಕೊಂಡು ನಾನಂತೂ ಯಾರಿಗೂ ಚಿಕಿತ್ಸೆ ಬರೆದಿಲ್ಲ.

ಮಗಳ ವಿಷಯ. ನಿಮ್ಮಲ್ಲಿ ಎರಡೂ ಪ್ರತಿ ಇರುವುದರಿಂದ ಒಂದು ಅವಳಿಗೆ ಬಂದೇ ಇರುತ್ತದೆ. ಅದಕ್ಕೆ ಪರೀಕ್ಷೆ ಏಕೆ? ಬ್ರಿಟನ್‌ನಲ್ಲಿ ಅರ್ಧದಷ್ಟು ಹೆಂಗಸರಿಗೆ ಒಂದು ಪ್ರತಿ ಇದೆ. ಅವಳನ್ನು ಅವಳ ಪಾಡಿಗೆ ಬಿಡಿ.

ಒಮ್ಮೆ ಒಬ್ಬರು ಇಂಥದ್ದೇ ರಿಪೋರ್ಟಿಗೆ ಹಳದಿ ಬಣ್ಣ ಬಳಿದುಕೊಂಡು ಬಂದಿದ್ದರು. ಅರ್ಧ ಗಂಟೆ ಅದರದ್ದೇ ಮಾತು. ಏಳುವಾಗ, ‘ನಮ್ಮ ಸೋದರತ್ತೆ ಅಂಡಾಶಯದ ಕ್ಯಾನ್ಸರ್‌ನಿಂದ 39ಕ್ಕೇ ಹೋದರು, ಅದು ಅಪ್ಪನ ಕಡೆ, ಲೆಕ್ಕಕ್ಕಿಲ್ಲ ಅಲ್ವಾ?’ ಅಂದರು. ಮತ್ತೆ ಕೂರಿಸಿದೆ. ಆ ರಿಪೋರ್ಟಿನ ಎಲ್ಲ ಪುಟಗಳಿಗಿಂತ ಆ ಒಂದು ಮಾತು ಜಾಸ್ತಿ ತೂಕದ್ದು. ಅಂಡಾಶಯದ ಕ್ಯಾನ್ಸರ್ ಹಿಂದೆಯೂ ಬಿಆರ್‌ಸಿಎ ದೋಷ ಇರಬಹುದು, ಆ ದೋಷ ಅಪ್ಪನಿಂದಲೂ ಬರುತ್ತದೆ.

ನಿಮ್ಮ ದೊಡ್ಡಮ್ಮನದು 68ರ ವಯಸ್ಸಿನಲ್ಲಿ, ಒಬ್ಬರಿಗೇ ಬಂದದ್ದು. ಅದೊಂದರಿಂದ ಗಾಬರಿ ಬೇಡ. ಆದರೆ ಎರಡೂ ಕಡೆಯ ಹಿರಿಯರನ್ನು ಕೇಳಿ: 50ರೊಳಗೆ ಯಾರಿಗಾದರೂ ಸ್ತನ ಕ್ಯಾನ್ಸರ್ ಬಂದಿತ್ತಾ, ಎರಡೂ ಸ್ತನಕ್ಕೆ ಬಂದಿತ್ತಾ, ಗಂಡಸರಿಗೆ ಬಂದಿತ್ತಾ, ಅಂಡಾಶಯದ್ದು ಇತ್ತಾ. ವಯಸ್ಸಿನ ಸಮೇತ ಒಂದು ಹಾಳೆಯಲ್ಲಿ ಬರೆದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ, ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಯಾವಾಗ ಶುರು ಮಾಡಬೇಕು ಎಂದು ಕೇಳಿ. ಗಂಟು ಸಿಕ್ಕರೆ, ಮೊಲೆತೊಟ್ಟು ಒಳಕ್ಕೆ ಎಳೆದುಕೊಂಡರೆ, ರಕ್ತ ಒಸರಿದರೆ ಮಾತ್ರ ಆ ಹಾಳೆಗೆ ಕಾಯಬೇಡಿ, ಅದೇ ವಾರ ಹೋಗಿ.