ಡ್ಯಾಮ್ ನಡೆಸೋರೇ ಪ್ರವಾಹದ ವರದಿ ಬರೆದ್ರೆ?

ಪ್ರಶ್ನೆ: ನಮ್ಮದು ಕಾಸರಗೋಡು ಕಡೆ ಕನ್ನಡದ ಮನೆ ಸಾರ್. 2018ರ ಕೇರಳ ಪ್ರವಾಹದ ಹೊತ್ತಿಗೆ ಕೆಲಸದ ಮೇಲೆ ಆಲುವಾದಲ್ಲಿದ್ದೆ. ಆಗಸ್ಟ್ 16ರ ಬೆಳಗ್ಗೆ ಪೆರಿಯಾರ್ ನೀರು ಬಾಡಿಗೆ ಮನೆ ಮೆಟ್ಟಿಲಿಗೆ ಬಂತು, ಮಧ್ಯಾಹ್ನದ ಹೊತ್ತಿಗೆ ಸ್ವಿಚ್ ಬೋರ್ಡ್ ಮುಳುಗಿತ್ತು. ಆಮೇಲೆ ಕೇಂದ್ರ ಜಲ ಆಯೋಗದವ್ರು ಇದು ಮಳೆಯಿಂದ ಆಗಿದ್ದು, ಡ್ಯಾಮಿಂದಲ್ಲ ಅಂದ್ರು. ಹೈಕೋರ್ಟಿಗೆ ನೆರವಾಗೋಕೆ ನೇಮಿಸಿದ್ದ ವಕೀಲರು ಡ್ಯಾಮ್ ನಿರ್ವಹಣೆಯೇ ಸರಿ ಇರ್ಲಿಲ್ಲ ಅಂದ್ರು. ಯಾರನ್ನ ನಂಬೋದು?
– ಓದುಗರು, ಮಂಜೇಶ್ವರ

ಉತ್ತರ: ನಿಮ್ಮ ಪ್ರಶ್ನೆ ಓದಿ ಎರಡು ದಿನ ಮನಸ್ಸಲ್ಲೇ ಇಟ್ಕೊಂಡಿದ್ದೆ, ಯಾಕಂದ್ರೆ ಇದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಟ್ರೆ ನಿಮಗೆ ಅನ್ಯಾಯ ಆಗುತ್ತೆ.

ಮೊದಲು ಆಯೋಗದ ಲೆಕ್ಕ ನೋಡೋಣ. ಆಗಸ್ಟ್ 15ರಿಂದ 17ರವರೆಗೆ ಮೂರೇ ದಿನದಲ್ಲಿ ಕೇರಳದಲ್ಲಿ ಸರಾಸರಿ 414 ಮಿಲಿಮೀಟರ್ ಮಳೆ, ಅದರಿಂದ ಹರಿದ ನೀರು ಸುಮಾರು 12 ಶತಕೋಟಿ ಘನ ಮೀಟರ್, ನಮ್ಮ ಭಾಷೇಲಿ ಹೇಳಿದ್ರೆ 424 ಟಿಎಂಸಿ ಹತ್ರ, ಕೆಆರ್‌ಎಸ್ ಎಂಟು ಸಲ ತುಂಬಿದ್ರೂ ಮಿಗುವಷ್ಟು. ಇಡೀ ಕೇರಳದ ಡ್ಯಾಮುಗಳ ಬಳಕೆಯ ಸಂಗ್ರಹ ಸಾಮರ್ಥ್ಯ ಸೇರಿಸಿದ್ರೂ ಅದರ ಅರ್ಧ ಕೂಡ ಇಲ್ಲ. ಹಾಗಾಗಿ ಡ್ಯಾಮ್ ಖಾಲಿ ಇದ್ದಿದ್ರೂ ಪ್ರವಾಹ ತಪ್ತಿರ್ಲಿಲ್ಲ ಅನ್ನೋದು ಅವರ ವಾದ. ಲೆಕ್ಕದಲ್ಲಿ ನನಗೆ ತಪ್ಪು ಕಾಣಲ್ಲ.

ಆದ್ರೆ ನೀವು ಕೇಳ್ತಿರೋ ಪ್ರಶ್ನೆ ಅದಲ್ವಲ್ಲ! ಇಡೀ ರಾಜ್ಯದ ನೀರನ್ನ ಡ್ಯಾಮ್ ಹಿಡಿದಿಟ್ಕೋಬಹುದಿತ್ತಾ ಅಂತ ನೀವು ಕೇಳ್ತಿಲ್ಲ. ಮಳೆ ಜೋರಾಗೋ ಮುಂಚೆ ಡ್ಯಾಮ್ ಎಷ್ಟು ತುಂಬಿತ್ತು, ಯಾಕೆ ಅಷ್ಟು ತುಂಬಿಸಿ ಇಟ್ಟಿದ್ರು, ಗೇಟ್ ಎಷ್ಟು ಗಂಟೆಗೆ ಎಷ್ಟು ಎತ್ತಿದ್ರು, ಕೆಳಗಿದ್ದ ನಿಮಗೆ ಯಾರು ಯಾವಾಗ ಹೇಳಿದ್ರು, ಇದು ನಿಮ್ಮ ಪ್ರಶ್ನೆ. ಪೆರಿಯಾರ್ ನದಿಯ ಮೇಲ್ಗಡೆ ಇರೋ ಇಡುಕ್ಕಿ ಜಲಾಶಯದಲ್ಲಿ ಚೆರುತೋಣಿ ಡ್ಯಾಮಿನ ಗೇಟ್ 26 ವರ್ಷ ಆದ್ಮೇಲೆ ಆಗಸ್ಟ್ 9ಕ್ಕೆ ಒಂದು ತೆಗೆದು, ಮಾರನೇ ದಿನಕ್ಕೆ ಐದೂ ತೆಗೆದ್ರು. ಮಳೆಗಾಲ ಇನ್ನೂ ಬಾಕಿ ಇದ್ದಾಗ್ಲೇ ಡ್ಯಾಮ್ ಅಂಚಿಗೆ ಬಂದಿತ್ತು. ಅದನ್ನ ನಡೆಸೋ ವಿದ್ಯುತ್ ಮಂಡಳಿಗೆ ತುಂಬಿದ ಡ್ಯಾಮ್ ಅಂದ್ರೆ ಬೇಸಿಗೆಯ ಕರೆಂಟು, ಅಂದ್ರೆ ದುಡ್ಡು. ಪ್ರವಾಹ ತಡೆಯೋಕೆ ಜಾಗ ಖಾಲಿ ಇಡಬೇಕು, ಕರೆಂಟಿಗೆ ತುಂಬಿಸಬೇಕು. ಎರಡನ್ನೂ ಒಬ್ಬರೇ ತೀರ್ಮಾನ ಮಾಡ್ತಾರೆ, ಆಮೇಲೆ ತೀರ್ಮಾನ ಸರಿ ಇತ್ತಾ ಅಂತ ನೋಡೋರಿಗೆ ಅಂಕಿಅಂಶ ಕೊಡೋರೂ ಅವರೇ. ಹಿತಾಸಕ್ತಿ ಸಂಘರ್ಷ ಅಂತಾರಲ್ಲ, ಇದೇ ಅದು. ಯಾರೋ ಸುಳ್ಳು ಬರೆದ್ರು ಅಂತ ನಾನು ಹೇಳ್ತಿಲ್ಲ. ಪರೀಕ್ಷೆ ಬರೆದೋರೇ ಪ್ರಶ್ನೆಪತ್ರಿಕೆನೂ ತಯಾರು ಮಾಡಿದ್ರೆ ತಮಗೆ ಗೊತ್ತಿರೋ ಪ್ರಶ್ನೆನೇ ಹಾಕ್ಕೊಳ್ತಾರೆ, ಅಷ್ಟೇ.

ಕೇಂದ್ರ ಜಲ ಆಯೋಗನೂ ಪೂರ್ತಿ ಹೊರಗಿನವ್ರಲ್ಲ. ದೇಶಕ್ಕೆ ಪ್ರವಾಹದ ಮುನ್ಸೂಚನೆ ಕೊಡೋ ಕೆಲಸ ಅವರದ್ದೇ, ಆ ಆಗಸ್ಟಿಗೆ ಮುಂಚೆ ಕೇರಳದಲ್ಲಿ ಅವರ ಒಂದು ಮುನ್ಸೂಚನಾ ಕೇಂದ್ರನೂ ಇರ್ಲಿಲ್ಲ. ಅದೇ ವರದಿಯಲ್ಲಿ ಶಿಫಾರಸಿನ ಭಾಗ ನೋಡಿ: ದೊಡ್ಡ ಜಲಾಶಯಗಳ ರೂಲ್ ಕರ್ವ್, ಅಂದ್ರೆ ಯಾವ ತಿಂಗಳು ಎಷ್ಟು ಮಟ್ಟ ಇರಬೇಕು ಅನ್ನೋ ನಿಯಮ, ಅದನ್ನ ಮರುಪರಿಶೀಲನೆ ಮಾಡಿ ಪ್ರವಾಹಕ್ಕೆ ಜಾಗ ಬಿಡಬೇಕು ಅಂತ ಇದೆ. ನನ್ನ ಪ್ರಕಾರ ಡ್ಯಾಮಿಂದ ಅಲ್ಲ ಅನ್ನೋ ತೀರ್ಮಾನಕ್ಕಿಂತ ಈ ಶಿಫಾರಸೇ ಮುಖ್ಯ, ಪೇಪರಲ್ಲಿ ಇದು ಹೆಡ್‌ಲೈನ್ ಆಗ್ಲಿಲ್ಲ.

ವಕೀಲರ ವರದಿ 2019ರ ಏಪ್ರಿಲ್‌ನಲ್ಲಿ ಬಂತು. ಅವರು ನೀರಿನ ತಜ್ಞರಲ್ಲ ಅನ್ನೋ ಆಕ್ಷೇಪ ಸರಿನೇ, ಅದಕ್ಕೇ ಅವರು ಕೊನೇ ಮಾತು ತಮ್ಮದು ಅನ್ನಲಿಲ್ಲ, ನ್ಯಾಯಾಧೀಶರ ನೇತೃತ್ವದಲ್ಲಿ ಜಲತಜ್ಞರು, ಡ್ಯಾಮ್ ನಿರ್ವಹಣೆ ಗೊತ್ತಿರೋರು, ಇಂಜಿನಿಯರ್‌ಗಳು ಇರೋ ಸ್ವತಂತ್ರ ಸಮಿತಿ ಬೇಕು ಅಂದ್ರು. ರಾಜ್ಯ ಸರ್ಕಾರ ಆ ವರದಿಯನ್ನ ಒಪ್ಪಲಿಲ್ಲ. ಇಲ್ಲಿ ನಾನು ವಕೀಲರ ಕಡೆ.

ಪ್ರಶ್ನೆ: 2019ರ ಕೃಷ್ಣಾ ಪ್ರವಾಹಕ್ಕೆ ಆಲಮಟ್ಟಿನೇ ಕಾರಣ ಅಂತ ಸಾಂಗ್ಲಿಯವ್ರು ಈಗ್ಲೂ ಅಂತಾರ. ಅವರ ಸರ್ಕಾರದ ಸಮಿತಿನೇ ಅಲ್ಲ ಅಂದೈತಲ್ರಿ?
– ಓದುಗರು, ಚಿಕ್ಕೋಡಿ

ಉತ್ತರ: ಹೌದು, ಮಹಾರಾಷ್ಟ್ರ ನೇಮಿಸಿದ್ದ ವಡ್ನೇರೆ ಸಮಿತಿ 2020ರಲ್ಲಿ ಸಾಂಗ್ಲಿ ಮುಳುಗೋಕೆ ಆಲಮಟ್ಟಿ ಕಾರಣ ಅಲ್ಲ ಅಂತ ಹೇಳ್ತು. ವಡ್ನೇರೆಯವರು ಅದೇ ರಾಜ್ಯದ ಜಲಸಂಪನ್ಮೂಲ ಇಲಾಖೆಯಲ್ಲಿ ಕಾರ್ಯದರ್ಶಿ ಆಗಿ ನಿವೃತ್ತರಾದವ್ರು. ನೇಮಿಸಿದವರಿಗೆ ಇಷ್ಟ ಆಗದ ಮಾತು ಹೇಳಿದ್ದಾರೆ ಅಂದ್ರೆ ಅದಕ್ಕೆ ತೂಕ ಜಾಸ್ತಿ. ಆದ್ರೆ ಅದೇ ಸಮಿತಿ ಮಹಾರಾಷ್ಟ್ರದ್ದೇ ಆದ ಕೊಯ್ನಾ ಡ್ಯಾಮಿನ ನಿರ್ವಹಣೆ ಬಗ್ಗೆ ಹೇಳಿದ್ದನ್ನ ಓದೋವಾಗ ಅವರ ಹಳೇ ಇಲಾಖೆ ಯಾವುದು ಅನ್ನೋದು ನೆನಪಿರ್ಲಿ. ಹಾಗೇ ಆಲಮಟ್ಟಿ ಬಗ್ಗೆ ನಮ್ಮ ಇಲಾಖೆಯವ್ರು ಬರೆದಿದ್ದನ್ನೂ ಇದೇ ಕಣ್ಣಲ್ಲಿ ಓದಬೇಕು, ನಮ್ಮವ್ರು ಅಂತ ರಿಯಾಯಿತಿ ಬೇಡ.

ಪ್ರಶ್ನೆ: ಪ್ರವಾಹದ ತನಿಖೆಯಿಂದ ಡ್ಯಾಮ್ ನಡೆಸೋ ಇಂಜಿನಿಯರ್‌ಗಳನ್ನ ಹೊರಗಿಟ್ರೆ ಜಡ್ಜ್‌ಗೆ ಗೇಟಿನ ಲೆಕ್ಕ ಹೆಂಗೆ ಗೊತ್ತಾಗುತ್ತೆ?
– ಓದುಗರು, ಶಿವಮೊಗ್ಗ

ಉತ್ತರ: ಹೊರಗಿಡೋದು ಬೇಡ, ತೀರ್ಪು ಹೇಳೋ ಕುರ್ಚಿಯಲ್ಲಿ ಕೂರಿಸೋದು ಬೇಡ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 2011ರ ಪ್ರವಾಹ ಆದಾಗ ವೈವನ್‌ಹೋ ಡ್ಯಾಮ್ ನಡೆಸಿದ ಇಂಜಿನಿಯರ್‌ಗಳೇ ಮೊದಲ ವರದಿ ಬರೆದಿದ್ರು. ನ್ಯಾಯಾಧೀಶೆ ಕ್ಯಾಥರೀನ್ ಹೋಮ್ಸ್ ಅವರ ಆಯೋಗ ಇನ್ನೇನು ವರದಿ ಮುಗಿಸ್ಬೇಕು ಅನ್ನೋವಾಗ, ಪ್ರವಾಹಕ್ಕೆ ಮುಂಚಿನ ವಾರಾಂತ್ಯ ಯಾವ ಹಂತದ ನಿಯಮದಲ್ಲಿ ಗೇಟ್ ನಡೆಸಿದ್ರು ಅನ್ನೋದಕ್ಕೂ ವರದಿಯಲ್ಲಿ ಬರೆದಿದ್ದಕ್ಕೂ ತಾಳೆ ಇಲ್ಲ ಅನ್ನೋ ಮಾತು ಪತ್ರಿಕೆಯಲ್ಲಿ ಬಂತು, 2012ರಲ್ಲಿ ವಿಚಾರಣೆ ಮತ್ತೆ ತೆರೆದ್ರು. ಮುಂದೆ ಇನ್ನೊಂದು ತನಿಖೆಯಲ್ಲಿ ಆ ಇಂಜಿನಿಯರ್‌ಗಳ ಮೇಲಿನ ಆರೋಪ ನಿಲ್ಲಲಿಲ್ಲ. ಪರಿಹಾರದ ಕೇಸಲ್ಲಿ 2019ರಲ್ಲಿ ಜನ ಗೆದ್ರು, 2021ರಲ್ಲಿ ಡ್ಯಾಮ್ ಸಂಸ್ಥೆ ಮೇಲ್ಮನವಿಯಲ್ಲಿ ಗೆದ್ದಿತು. ಆದ್ರೂ ಆ ಇಂಜಿನಿಯರ್‌ಗಳನ್ನ ಎಲ್ಲರ ಎದುರು ಕೂರಿಸಿ ಪ್ರಶ್ನೆ ಕೇಳಿದ್ರಲ್ಲ, ಗೇಟಿನ ದಾಖಲೆ ಎಲ್ಲಾ ಹೊರಗೆ ಬಂತಲ್ಲ, ಆಲುವಾದವರಿಗೆ ಸಿಗದೇ ಹೋಗಿದ್ದು ಅದೇ.

ನಮ್ಮ ಕಾನೂನಿಗೂ ಈ ಹಿತಾಸಕ್ತಿ ಸಂಘರ್ಷದ ವಿಷಯ ಗೊತ್ತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಲ್ಲಿ, ಒಂದು ರಾಜ್ಯದ ಡ್ಯಾಮ್ ಇನ್ನೊಂದು ರಾಜ್ಯದ ನೆಲದಲ್ಲಿದ್ರೆ, ಕೇರಳದಲ್ಲಿದ್ರೂ ತಮಿಳುನಾಡು ನಡೆಸೋ ಮುಲ್ಲಪೆರಿಯಾರ್ ಥರ, ಅದರ ಸುರಕ್ಷತೆ ನೋಡೋ ಕೆಲಸ ರಾಷ್ಟ್ರೀಯ ಪ್ರಾಧಿಕಾರಕ್ಕೆ ಹೋಗುತ್ತೆ. ಆದ್ರೆ ಅದೇ ಕಾಯ್ದೆಯ ರಾಷ್ಟ್ರೀಯ ಸಮಿತಿಗೆ ಅಧ್ಯಕ್ಷರು ಯಾರು ಅಂದ್ರೆ ಕೇಂದ್ರ ಜಲ ಆಯೋಗದ ಅಧ್ಯಕ್ಷರು. ಇದು ನನಗೆ ಸಮಾಧಾನ ಕೊಟ್ಟಿಲ್ಲ.

ಮಂಜೇಶ್ವರದ ಓದುಗರಿಗೆ ಒಂದು ಮಾತು: ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋದಾದ್ರೆ "ಪ್ರವಾಹಕ್ಕೆ ಕಾರಣ ಏನು" ಅಂತ ಬರೀಬೇಡಿ, ಆ ವಾರದ ಗಂಟೆಗಂಟೆಯ ಒಳಹರಿವು, ಹೊರಹರಿವು, ಗೇಟ್ ಎತ್ತಿದ ಸಮಯ, ಜಿಲ್ಲಾಡಳಿತಕ್ಕೆ ಹೋದ ಎಚ್ಚರಿಕೆಯ ಪ್ರತಿ ಕೇಳಿ. ನೀರು ನಿಮ್ಮ ಮೆಟ್ಟಿಲಿಗೆ ಬಂದ ಹೊತ್ತು ನಿಮಗೆ ಗೊತ್ತಿದೆ, ಅದರ ಪಕ್ಕ ಇಟ್ಟು ನೋಡಿ.