‘ಹಿನ್ನೆಲೆಯ ಮೌನಿ’ ಲೇಖನದ ಬಗ್ಗೆ: ಎಂಟ್‌ವಿಸಲ್ ಬೇಸ್ ಓದುಗರಿಗೆ ಕೇಳಿಸಬೇಕು

ನಮಸ್ಕಾರ.

ಇಂಗ್ಲೆಂಡಿನ ರಾಕ್ ಬ್ಯಾಂಡ್ ದಿ ಹೂನ ಬೇಸ್ (ಮಂದ್ರ ಸ್ವರದ ಗಿಟಾರ್) ವಾದಕ ಜಾನ್ ಎಂಟ್‌ವಿಸಲ್ ಪುಣ್ಯತಿಥಿಗೆಂದು ನೀವು ಕಳಿಸಿದ ‘ಹಿನ್ನೆಲೆಯ ಮೌನಿ’ ಲೇಖನ ಓದಿದೆವು. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬೇಸ್ ನುಡಿಸುವವರ ಬಗ್ಗೆ ಕನ್ನಡದಲ್ಲಿ ಬರೆಯಲು ಕೂರುವವರೇ ಕಡಿಮೆ, ನಿಮಗೆ ಈ ಮನುಷ್ಯನ ಮೇಲೆ ನಿಜವಾದ ಪ್ರೀತಿಯಿದೆ ಎಂಬುದೂ ಪ್ರತಿ ಪುಟದಲ್ಲಿ ಕಾಣುತ್ತದೆ. ಅದಕ್ಕೇ ತಿದ್ದಿ ಮತ್ತೆ ಕಳಿಸಿ ಎಂದು ಕೇಳುತ್ತಿದ್ದೇವೆ, ಏನು ತಿದ್ದಬೇಕೆಂದೂ ಬಿಡಿಸಿ ಹೇಳುತ್ತಿದ್ದೇವೆ.

ತೊಂದರೆ ಶೀರ್ಷಿಕೆಯಿಂದಲೇ ಶುರುವಾಗುತ್ತದೆ. ವೇದಿಕೆಯ ಮೇಲೆ ಎಂಟ್‌ವಿಸಲ್ ಅಲುಗಾಡದೆ ನಿಲ್ಲುತ್ತಿದ್ದರು, ಮಾತೂ ಕಡಿಮೆ, ನಿಜ. ಅದನ್ನು ನೋಡಿ ನೀವು ಅವರ ಸಂಗೀತವನ್ನೂ ಹಿನ್ನೆಲೆಗೆ ತಳ್ಳಿಬಿಟ್ಟಿದ್ದೀರಿ. ‘ಗಿಟಾರಿಗೆ ಆಸರೆಯಾಗಿ ನಿಂತರು’ ಎಂಬ ಮಾತು ನಾಲ್ಕು ಕಡೆ ಬಂದಿದೆ. ಬೇರೆ ಯಾವ ಬೇಸ್ ವಾದಕನಿಗಾದರೂ ಆ ಮಾತು ಒಪ್ಪೀತು, ಇವರಿಗೆ ಒಪ್ಪುವುದಿಲ್ಲ. ಸಾಮಾನ್ಯವಾಗಿ ಡ್ರಮ್ಮೂ ಬೇಸೂ ಸೇರಿ ಲಯ ಹಿಡಿದಿರುತ್ತವೆ, ಗಿಟಾರ್ ಅದರ ಮೇಲೆ ಓಡಾಡುತ್ತದೆ. ದಿ ಹೂನಲ್ಲಿ ಈ ಲೆಕ್ಕ ತಿರುವುಮುರುವು. ಪೀಟ್ ಟೌನ್‌ಶೆಂಡ್ ಗಿಟಾರಿನಲ್ಲಿ ಹೆಚ್ಚಾಗಿ ಕಾರ್ಡುಗಳನ್ನು, ಅಂದರೆ ಒಟ್ಟಿಗೆ ಮಿಡಿಯುವ ಸ್ವರಗುಚ್ಛಗಳನ್ನು, ಬಾರಿಸುತ್ತಾ ಹಾಡಿನ ಚೌಕಟ್ಟು ಕಾಯುತ್ತಿದ್ದರು. ಕೀತ್ ಮೂನ್ ಡ್ರಮ್ ಒಂದೇ ನಡೆಗೆ ಕಟ್ಟುಬೀಳುತ್ತಿರಲಿಲ್ಲ. ಇಬ್ಬರ ನಡುವೆ ಸ್ವರಗಳನ್ನು ಹೆಣೆಯುತ್ತಾ ಹೋಗುತ್ತಿದ್ದದ್ದು ಬೇಸ್. ತಮ್ಮನ್ನು ಮೌನಿ ಎನ್ನುವವರಿಗೆ ಎಂಟ್‌ವಿಸಲ್ ತಾವೇ ಉತ್ತರ ಕೊಟ್ಟಿದ್ದಾರೆ: 1981ರ ‘ಫೇಸ್ ಡಾನ್ಸಸ್’ ಆಲ್ಬಮ್ಮಿನ ‘ದಿ ಕ್ವಯಟ್ ಒನ್’ ಅವರೇ ಬರೆದು ಹಾಡಿದ ಹಾಡು. ಅದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ನೀವು ಹಾಡುಗಳನ್ನು ಕೇಳಿದ್ದು ಫೋನಿನ ಸ್ಪೀಕರಿನಲ್ಲಿ ಎಂದು ನಮ್ಮ ಅನುಮಾನ. ಬೇಸ್ ಗಿಟಾರಿನ ನಾಲ್ಕು ಬಿಡಿ ತಂತಿಗಳು ಸುಮಾರು 41, 55, 73, 98 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಸಲ, ಮಿಡಿಯುತ್ತವೆ. ಅಷ್ಟು ಮಂದ್ರವನ್ನು ಹೊರಡಿಸುವ ಶಕ್ತಿ ಫೋನಿನ ಪುಟ್ಟ ಸ್ಪೀಕರಿಗಿಲ್ಲ. ಕೇಳುವವರಿಗೆ ಮೇಲಿನ ಗೀಚು ಸಿಗುತ್ತದೆ, ಬುಡ ಸಿಗುವುದಿಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, 14 ಫೆಬ್ರವರಿ 1970ರಂದು ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಧ್ವನಿಮುದ್ರಣವಾದ ‘ಲೈವ್ ಅಟ್ ಲೀಡ್ಸ್’ ಕೇಳಿ. ಅದರಲ್ಲಿ ಬೇಸ್ ಒಂದು ಕಿವಿಗೆ, ಗಿಟಾರ್ ಇನ್ನೊಂದು ಕಿವಿಗೆ ಬರುತ್ತದೆ. ಗಿಟಾರಿನ ಕಡೆಯದನ್ನು ತೆಗೆದುಬಿಟ್ಟು ಒಂದು ಹಾಡು ಪೂರ್ತಿ ಕೇಳಿದರೆ ‘ಆಸರೆ’ ಎಂಬ ಪದ ನಿಮ್ಮ ಕೈಯಿಂದಲೇ ಹೊಡೆದುಹೋಗುತ್ತದೆ. ಆಮೇಲೆ 1973ರ ‘ಕ್ವಾಡ್ರೊಫೀನಿಯಾ’ ಆಲ್ಬಮ್ಮಿನ ‘ದಿ ರಿಯಲ್ ಮಿ’ ಹಾಡು ಕೇಳಿ. ರೋಜರ್ ಡಾಲ್ಟ್ರಿ ಕಂಠ ಬಿಚ್ಚಿ ಹಾಡುತ್ತಿರುವಾಗಲೂ ಬೇಸ್ ಒಂದು ಗಳಿಗೆ ಸುಮ್ಮನಿರುವುದಿಲ್ಲ.

ಈಗ ‘ಮೈ ಜನರೇಶನ್’ ಹಾಡಿನ ಭಾಗ. ‘ನೆಚ್ಚಿನ ಗಿಟಾರಿನಲ್ಲಿ ಅದ್ಭುತ ಸೋಲೋ ನುಡಿಸಿದರು’ ಎಂದು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ನಡೆದದ್ದು ಬೇರೆ, ನಿಮ್ಮ ಲೇಖನದ ಜೀವಾಳವೂ ಅದೇ ಆಗಬಹುದಿತ್ತು. ಅವರಿಗೆ ಬೇಕಿದ್ದದ್ದು ಡ್ಯಾನೆಲೆಕ್ಟ್ರೋ ಕಂಪನಿಯ ಬೇಸ್. ಅದರ ತಂತಿಗಳು ತೆಳು, ಹಾಗಾಗಿ ಝಣ್ಣನೆಯ ಹೊಳಪಿನ ನಾದ. ಆದರೆ ತಂತಿ ಬೇಗ ಹರಿಯುತ್ತಿತ್ತು, ಬಿಡಿಯಾಗಿ ಮಾರಾಟಕ್ಕೂ ಸಿಗುತ್ತಿರಲಿಲ್ಲ. ತಂತಿ ಹರಿದಾಗ ಇಡೀ ಬೇಸನ್ನೇ ಮತ್ತೆ ಕೊಂಡರು, ಹೀಗೆ ಒಟ್ಟು ಮೂರು. ಅದೂ ಸಾಕಾಗದೆ ಕೊನೆಗೆ ಫೆಂಡರ್ ಕಂಪನಿಯ ಜಾಝ್ ಬೇಸ್ ಎತ್ತಿಕೊಂಡು, ಅದಕ್ಕೆ ಹೊಂದುವಂತೆ ಸೋಲೋವನ್ನು ಸರಳ ಮಾಡಿ ನುಡಿಸಿದರು. ಲಂಡನ್ನಿನ ಐಬಿಸಿ ಸ್ಟುಡಿಯೋ, 13 ಅಕ್ಟೋಬರ್ 1965. ಅವರಿಗೆ ಇಪ್ಪತ್ತೊಂದು ತುಂಬಿ ನಾಲ್ಕೇ ದಿನ. ರಾಕ್ ಸಂಗೀತದ ಮೊದಮೊದಲ ಬೇಸ್ ಸೋಲೋಗಳಲ್ಲಿ ಒಂದೆಂದು ಇಂದಿಗೂ ಜನ ಕೊಂಡಾಡುವುದು ಹೀಗೆ ಸರಳ ಮಾಡಿ ನುಡಿಸಿದ್ದನ್ನೇ. ಇದನ್ನು ಓದುಗರಿಗೆ ಹೇಳದೆ ‘ಅದ್ಭುತ’ ಎಂದರೆ ಅವರ ಕೈಗೆ ಏನೂ ಸಿಗುವುದಿಲ್ಲ.

ಆ ಹರಿದ ತಂತಿಗಳಿಂದಲೇ ಮುಂದಿನ ಪ್ಯಾರಾ ಹುಟ್ಟಬೇಕು. ಆಗ ಬಳಕೆಯಲ್ಲಿದ್ದ ಹೆಚ್ಚಿನ ಬೇಸ್ ತಂತಿಗಳಿಗೆ ಹೊರಗೆ ಚಪ್ಪಟೆ ಪಟ್ಟಿ ಸುತ್ತಿರುತ್ತಿತ್ತು. ಬೆರಳಿಗೆ ನುಣುಪು, ಆದರೆ ಮೂಲ ಸ್ವರದ ಜೊತೆ ಹುಟ್ಟುವ ಮೇಲಿನ ಸ್ವರಗಳು ಬೇಗ ಅಡಗಿಹೋಗಿ ‘ಧುಂ’ ಎಂಬ ಮಂಕು ನಾದ ಉಳಿಯುತ್ತಿತ್ತು. 1966ರಲ್ಲಿ ಎಂಟ್‌ವಿಸಲ್ ಇಂಗ್ಲೆಂಡಿನ ರೋಟೋಸೌಂಡ್ ತಂತಿ ಕಂಪನಿಯ ಜೇಮ್ಸ್ ಹೌ ಅವರ ಜೊತೆ ಸೇರಿ, ದುಂಡನೆಯ ಎಳೆ ಸುತ್ತಿದ ತಂತಿಗಳನ್ನು ಹದಕ್ಕೆ ತಂದರು. ಪಿಯಾನೋದ ಕೆಳಸ್ವರಗಳಂಥ ಹೊಳಪು ಬೇಸಿಗೆ ಬಂದದ್ದು ಹೀಗೆ. ಇದಕ್ಕೆ ತೆರುವ ಬೆಲೆಯನ್ನೂ ಬರೆಯಿರಿ: ಸುತ್ತುಗಳ ಸಂದಿಯಲ್ಲಿ ಬೆವರು, ಕೊಳೆ ಸೇರಿ ಹೊಳಪು ಬೇಗ ಸಾಯುತ್ತದೆ, ಬೇಸಿನ ಕುತ್ತಿಗೆಯ ಮೇಲಿನ ಲೋಹದ ಪಟ್ಟಿ, ಅಂದರೆ ಫ್ರೆಟ್, ಸವೆಯುತ್ತದೆ, ಬೆರಳು ಜಾರಿದಾಗ ಕಿರಗುಟ್ಟುತ್ತದೆ. ಇಂದು ಬೆಂಗಳೂರಿನ ಅಂಗಡಿಯಲ್ಲಿ ಹೊಸ ಬೇಸ್ ಕೊಳ್ಳುವ ಹುಡುಗಿಗೂ ಸಾಮಾನ್ಯವಾಗಿ ಅಂಥದೇ ದುಂಡು ಸುತ್ತಿನ ತಂತಿ ಸಿಗುತ್ತದೆ. ಎಂಟ್‌ವಿಸಲ್ ನೆನಪು ಎಲ್ಲಿ ಉಳಿದಿದೆ ಎಂದು ಕೇಳಿದ್ದೀರಲ್ಲ, ಅಲ್ಲಿ ಉಳಿದಿದೆ.

‘ಬೆರಳುಗಳಲ್ಲಿ ಮಾಂತ್ರಿಕತೆ’ ಎಂಬ ಸಾಲು ತೆಗೆದು, ಬೆರಳು ಏನು ಮಾಡುತ್ತಿತ್ತು ಎಂದು ಬರೆಯಿರಿ. ಬಲಗೈಯನ್ನು ತಂತಿಗಳ ಮೇಲೆ ಹಿಡಿದು, ನಾಲ್ಕೂ ಬೆರಳುಗಳಿಂದ ಟೈಪ್‌ರೈಟರ್ ಬಡಿದ ಹಾಗೆ ತಂತಿಯನ್ನು ತಟ್ಟುತ್ತಿದ್ದರು. ತಂತಿ ಫ್ರೆಟ್ಟಿನ ಹಲಗೆಗೆ ಬಡಿದು, ಸ್ವರದ ಜೊತೆ ಒಂದು ಪೆಟ್ಟೂ ಕೇಳುತ್ತಿತ್ತು. ಆಂಪ್ಲಿಫೈಯರ್ ವಿಷಯದಲ್ಲೂ ‘ಕಿವಿಗಡಚಿಕ್ಕುವ ಸದ್ದು’ ಎಂದು ನಿಲ್ಲಿಸಬೇಡಿ. ಬೇಸಿನ ಸದ್ದನ್ನು ಇಡಿಯಾಗಿ ಒಡೆಸಿದರೆ, ಅಂದರೆ ಡಿಸ್ಟಾರ್ಟ್ ಮಾಡಿದರೆ, ಕೆಳಗಿನ ಸ್ವರಗಳು ಕಲಸಿ ಕೆಸರಾಗುತ್ತವೆ. ಎಂಟ್‌ವಿಸಲ್ ಸದ್ದನ್ನು ಎರಡಾಗಿ ಸೀಳಿ, ಕೆಳಭಾಗವನ್ನು ಶುದ್ಧವಾಗಿ ಒಂದು ಆಂಪಿಗೂ, ಮೇಲ್ಭಾಗವನ್ನು ಒಡೆಸಿ ಇನ್ನೊಂದಕ್ಕೂ ಕೊಡುತ್ತಿದ್ದರು. ಬುಡ ಗಟ್ಟಿ, ತುದಿ ಚೂಪು. 1976ರ ಲಂಡನ್ನಿನ ಚಾರ್ಲ್‌ಟನ್ ಕಛೇರಿಯಲ್ಲಿ 32 ಮೀಟರ್ ದೂರಕ್ಕೆ 126 ಡೆಸಿಬೆಲ್ ದಾಖಲಾಯಿತು ಎಂಬುದು ಸರಿ, ಆದರೆ ಆ ದಾಖಲೆ ಇಡೀ ಬ್ಯಾಂಡಿನದು. ಅವರೊಬ್ಬರ ಲೆಕ್ಕಕ್ಕೆ ಹಾಕಬೇಡಿ.

‘ಬೇಸ್ ಬಿಟ್ಟು ಬೇರೇನೂ ಮಾಡಲಿಲ್ಲ’ ಎಂಬುದು ತಪ್ಪು. ಹುಡುಗನಾಗಿದ್ದಾಗಲೇ ಫ್ರೆಂಚ್ ಹಾರ್ನ್ ಎಂಬ ತುತ್ತೂರಿ ಕಲಿತವರು. ‘ಕ್ವಾಡ್ರೊಫೀನಿಯಾ’ದ ತುತ್ತೂರಿ ಭಾಗಗಳೆಲ್ಲ ಅವರವೇ. ‘ಬೋರಿಸ್ ದ ಸ್ಪೈಡರ್’, ‘ಮೈ ವೈಫ್’ ಅವರೇ ಬರೆದ ಹಾಡುಗಳು. ಎರಡು ಸಾಲು ಸಾಕು, ಆದರೆ ಇರಲೇಬೇಕು.

ಸಾವಿನ ಭಾಗವನ್ನು ಹೊಸದಾಗಿ ಬರೆಯಬೇಕು. ವೇದಿಕೆಯ ಮೇಲೆ ಕುಸಿದರು ಎಂದಿದ್ದೀರಿ. ಇಲ್ಲ. 27 ಜೂನ್ 2002ರಂದು, ಅಮೆರಿಕ ಪ್ರವಾಸದ ಮೊದಲ ಕಛೇರಿಗೆ ಒಂದು ದಿನ ಮುಂಚೆ, ಲಾಸ್ ವೇಗಸ್‌ನ ಹಾರ್ಡ್ ರಾಕ್ ಹೋಟೆಲಿನ ಕೋಣೆಯಲ್ಲಿ ತೀರಿಕೊಂಡರು. ವಯಸ್ಸು 57. ಮೊದಲೇ ಇದ್ದ ಹೃದ್ರೋಗದ ಮೇಲೆ ಕೊಕೇನ್ ಸೇರಿ ಹೃದಯಾಘಾತವಾಯಿತೆಂದು ಅಲ್ಲಿನ ಮರಣ ತನಿಖಾಧಿಕಾರಿ ಹೇಳಿದರು. ಇಷ್ಟನ್ನು ಒಂದು ವಾಕ್ಯದಲ್ಲಿ ನೇರವಾಗಿ ಹೇಳಿ. ಮುಚ್ಚಿಟ್ಟರೆ ಓದುಗರಿಗೆ ಮೋಸ, ಹಿಗ್ಗಿಸಿದರೆ ಸತ್ತವರಿಗೆ ಅನ್ಯಾಯ. ಆ ರಾತ್ರಿಯ ಬಗ್ಗೆ ನೀವು ಕಟ್ಟಿರುವ ಕಲ್ಪನೆಯ ಪ್ಯಾರಾ ಪೂರ್ತಿ ಹೋಗಲಿ. ಅದರ ಜಾಗದಲ್ಲಿ, ಜುಲೈ 1ರಂದು ಹಾಲಿವುಡ್ ಬೌಲ್‌ನಲ್ಲಿ ಬೇಸ್ ನುಡಿಸಲು ಪಿನೋ ಪಲಡೀನೋ ಎಂಬ ವಾದಕರನ್ನು ಸೇರಿಸಿಕೊಂಡು ಬ್ಯಾಂಡು ಮತ್ತೆ ವೇದಿಕೆ ಹತ್ತಿತು ಎಂಬುದನ್ನು ಬರೆಯಿರಿ.

ಈಗಿರುವ ಸಾವಿರದ ನಾನೂರು ಪದಗಳನ್ನು ಒಂಬೈನೂರಕ್ಕೆ ಇಳಿಸಿ. ಟೌನ್‌ಶೆಂಡ್ ಗಿಟಾರ್ ಒಡೆಯುವ ವರ್ಣನೆ ಇಡಿಯಾಗಿ ಹೋದರೆ ಇನ್ನೂರು ಪದ ಕಡಿಮೆಯಾಗುತ್ತವೆ. ಹಾಡಿನ ಸಾಲುಗಳ ಅನುವಾದ ಬೇಡ, ಅದಕ್ಕೆ ಅನುಮತಿ ಬೇಕಾಗುತ್ತದೆ. ನೀವು ಹೆಸರಿಸುವ ಪ್ರತಿ ಹಾಡಿನಲ್ಲಿ ಬೇಸ್ ಎಷ್ಟನೇ ನಿಮಿಷಕ್ಕೆ ಎದ್ದು ಕೇಳುತ್ತದೆ ಎಂದು ಗುರುತು ಹಾಕಿ ಕಳಿಸಿದರೆ ನಾವೂ ಕೇಳಿ ಹೋಲಿಸುತ್ತೇವೆ. ಜೂನ್ 10ರೊಳಗೆ ಕೈಸೇರಿದರೆ 27ಕ್ಕೆ ಪ್ರಕಟಿಸಲು ಸಮಯವಿದೆ.

— ಸಂಪಾದಕ ಬಳಗ