ಉಣುಗು ಹರಡುವ ವೈರಸ್‌ಗಳಿಂದ ಮಿದುಳಿಗೆ ಆಗುವ ಹಾನಿ: ವೈರಸ್ಸಿನದ್ದೆಷ್ಟು, ದೇಹದ್ದೆಷ್ಟು?

ಉಣುಗು ಕಚ್ಚಿ ಬರುವ ವೈರಸ್ಸು ಮಿದುಳಿನ ನರಕೋಶಗಳನ್ನು ತಾನೇ ಕೊಲ್ಲುತ್ತದೆಯೋ ಅಥವಾ ನಮ್ಮ ರೋಗನಿರೋಧಕ ಶಕ್ತಿಯೇ ಆ ಕೆಲಸ ಮಾಡುತ್ತದೆಯೋ, ಮಂಗನ ಕಾಯಿಲೆಗೂ ಇದೇ ಉತ್ತರ ಅನ್ವಯಿಸುತ್ತದೆಯೋ ಎಂದು ನೀವು ಕೇಳಿದ್ದೀರಿ. ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ನೋಡಿದರೆ ಎರಡೂ ನಡೆಯುತ್ತದೆ ಎನ್ನಬೇಕು, ಆದರೆ ಯಾವ ಪ್ರಾಣಿಯಲ್ಲಿ ನೋಡುತ್ತೇವೆ ಎಂಬುದರ ಮೇಲೆ ಅವುಗಳ ಪಾಲು ಬದಲಾಗುತ್ತದೆ.

ಮೊದಲ ಹಂತ ಚರ್ಮದಲ್ಲೇ ನಡೆಯುತ್ತದೆ. ಉಣುಗಿನ ಜೊಲ್ಲು ಕಚ್ಚಿದ ಜಾಗದ ರಕ್ಷಣೆಯನ್ನು ಮಂಕಾಗಿಸುತ್ತದೆ. ಅಮೆರಿಕದಲ್ಲಿ ಪೊವಾಸಾನ್ ಎಂಬ, ಉಣುಗು ಹರಡುವ ವೈರಸ್ಸನ್ನು ಇಲಿಗಳಿಗೆ ಅತಿ ಕಡಿಮೆ ಪ್ರಮಾಣದಲ್ಲಿ ಚುಚ್ಚಿದಾಗ, ಉಣುಗಿನ ಜೊಲ್ಲುಗ್ರಂಥಿಯ ಸಾರ ಬೆರೆಸಿದ್ದ ಗುಂಪಿನಲ್ಲಿ ರೋಗ ಮಿದುಳಿಗೇರಿ ಇಲಿಗಳು ಸತ್ತವು; ಸಾರ ಬೆರೆಸದ ಗುಂಪು ಅದೇ ಪ್ರಮಾಣದ ವೈರಸ್ಸನ್ನು ತಡೆದುಕೊಂಡಿತು.

ರಕ್ತದಿಂದ ಮಿದುಳಿಗೆ ದಾಟುವ ಬಗೆಯ ಕುರಿತು ಒಂದು ತಪ್ಪು ಕಲ್ಪನೆ ಬಹಳ ಪ್ರಚಲಿತವಾಗಿದೆ. ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಮೊದಲು ಒಡೆಯುತ್ತದೆ, ಆಮೇಲೆ ವೈರಸ್ ಒಳನುಗ್ಗುತ್ತದೆ ಎಂದು ಹಲವರು ಬರೆಯುತ್ತಾರೆ. ಯುರೋಪಿನ ಉಣುಗು-ಮಿದುಳುರಿಯೂತದ ವೈರಸ್ಸನ್ನು ಇಲಿಗಳಲ್ಲಿ ಪರೀಕ್ಷಿಸಿದಾಗ ಕಂಡ ಕ್ರಮ ಇದಕ್ಕೆ ತಿರುಗುಮುರುಗು: ವೈರಸ್ ಮಿದುಳಿನಲ್ಲಿ ಹೇರಳವಾಗಿ ಬೆಳೆದ ಮೇಲಷ್ಟೇ ಗೋಡೆ ಸೋರತೊಡಗಿತು. ಆ ಸೋರಿಕೆ ಉರಿಯೂತದ ಫಲವೇ ಹೊರತು ವೈರಸ್ಸಿಗೆ ಬೇಕಾದ ಬಾಗಿಲಲ್ಲ.

ಒಳಹೊಕ್ಕ ವೈರಸ್ಸಿಗೆ ನರಕೋಶಗಳೇ ಮುಖ್ಯ ಗುರಿ. ಸ್ಕಾಟ್ಲೆಂಡಿನ ಕುರಿಗಳಿಗೆ ತಗಲುವ ಲೂಪಿಂಗ್ ಇಲ್ ರೋಗದಲ್ಲಿ ಚಲನೆಯನ್ನು ಹತೋಟಿಯಲ್ಲಿಡುವ, ಹಿಮ್ಮಿದುಳಿನ ಪರ್ಕಿಂಜೆ ಎಂಬ ನರಕೋಶಗಳು ನಾಶವಾಗುತ್ತವೆ. ಆದ್ದರಿಂದಲೇ ಕುರಿ ನಡುಗುತ್ತಾ, ತಾಳ ತಪ್ಪಿ ಹೆಜ್ಜೆಯಿಡುತ್ತದೆ. ಉಣುಗು-ಮಿದುಳುರಿಯೂತದ ವೈರಸ್ಸಿನ ಮೇಲೆ ಜಪಾನಿನಲ್ಲಿ ನಡೆದ ಪ್ರಯೋಗಗಳಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿ ಬೆಳಕಿಗೆ ಬಂದಿತು: ನರಕೋಶ ತನ್ನ ಆರ್‌ಎನ್‌ಎಯನ್ನು (ಪ್ರೋಟೀನು ತಯಾರಿಸುವ ಸಂದೇಶ ಹೊತ್ತ ಅಣುವನ್ನು) ಕವಲುಗಳ ತುದಿಗೆ ಸಾಗಿಸಲು ಬಳಸುವ ವ್ಯವಸ್ಥೆಯನ್ನೇ ವೈರಸ್ ವಶಪಡಿಸಿಕೊಂಡು, ತನ್ನ ಆರ್‌ಎನ್‌ಎಯನ್ನು ಅಲ್ಲಿಗೆ ಕಳಿಸಿ ಅಲ್ಲೇ ಸಂತಾನ ಹೆಚ್ಚಿಸಿಕೊಳ್ಳುತ್ತದೆ. ಕೋಶ ಸಾಯುವ ಮೊದಲೇ ಅದರ ಕವಲುಗಳು ಕೆಡಲು ಇದೇ ಕಾರಣವಿರಬೇಕು.

ಇನ್ನು ರೋಗನಿರೋಧಕ ಶಕ್ತಿಯ ಪಾತ್ರ. 2009ರಲ್ಲಿ ಜೆಕ್ ಸಂಶೋಧಕರು ಇದೇ ಉಣುಗು-ಮಿದುಳುರಿಯೂತದ ವೈರಸ್ಸಿನ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಸೋಂಕಿತ ಕೋಶಗಳನ್ನು ಕೊಲ್ಲುವ ರಕ್ಷಣಾ ಕೋಶಗಳಾದ ಸಿಡಿ8 ಟಿ-ಕೋಶಗಳಿಲ್ಲದ ಇಲಿಗಳು ಸಾಮಾನ್ಯ ಇಲಿಗಳಿಗಿಂತ ಹೆಚ್ಚು ದಿನ ಬದುಕಿದವು. ಸೋಂಕಿತ ನರಕೋಶಗಳನ್ನು ಕೊಲ್ಲಲು ಬಂದ ಸೈನ್ಯವೇ ಊರನ್ನು ಸುಟ್ಟಂತೆ. ಹಾಗೆಂದು ಪ್ರತಿರೋಧವನ್ನೇ ಅಡಗಿಸಿದರೆ ಒಳ್ಳೆಯದೆಂದು ಯಾರೂ ಭಾವಿಸಬಾರದು. ಮಲೇಷ್ಯಾದಲ್ಲಿ ಸಿಕ್ಕಿದ, ಸ್ವಭಾವತಃ ಸೌಮ್ಯವಾದ ಲಂಗಟ್ ವೈರಸ್ ಕೂಡ, ಇಂಟರ್ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನನ್ನು ಗುರುತಿಸುವ ಗ್ರಾಹಕವಿಲ್ಲದ ಇಲಿಗಳನ್ನು ಬೇಗನೆ ಕೊಲ್ಲುತ್ತದೆ. ಮೊದಲ ದಿನಗಳ ಇಂಟರ್ಫೆರಾನ್ ಕಾಪಾಡುತ್ತದೆ, ತಡವಾಗಿ ಬರುವ ಟಿ-ಕೋಶಗಳು ಹಾನಿಗೆ ಹಾನಿ ಸೇರಿಸುತ್ತವೆ.

ಆದರೆ ಪ್ರಯೋಗಾಲಯದ ಇಲಿಯನ್ನು ಪೂರ್ತಿ ನಂಬುವುದು ನನಗೆ ಸರಿಕಾಣುವುದಿಲ್ಲ. ಅವುಗಳ ಸಾಮಾನ್ಯ ತಳಿಗಳಲ್ಲಿ, ಇಲ್ಲಿ ಹೇಳಿದ ವೈರಸ್‌ಗಳೆಲ್ಲ ಸೇರಿರುವ ಕುಟುಂಬದ ವೈರಸ್‌ಗಳನ್ನು ತಡೆಯುವ ಓಎಎಸ್1ಬಿ ಎಂಬ ಜೀನೇ ಊನಗೊಂಡಿರುತ್ತದೆ. ಇತ್ತ ಯುರೋಪಿನ ಕಾಡಿನ ವೋಲ್ ಎಂಬ ಇಲಿಗಳ ಮಿದುಳಿನಲ್ಲಿ ಉಣುಗು-ಮಿದುಳುರಿಯೂತದ ವೈರಸ್ಸಿನ ಆರ್‌ಎನ್‌ಎ ತಿಂಗಳುಗಟ್ಟಲೆ ಉಳಿದರೂ ಅವು ಓಡಾಡಿಕೊಂಡೇ ಇರುತ್ತವೆ.

ಮಂಗನ ಕಾಯಿಲೆಯಲ್ಲಂತೂ ಈ ವ್ಯತ್ಯಾಸ ಎದ್ದುಕಾಣುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ಸನ್ನು ಇಲಿಗೆ ಚುಚ್ಚಿದರೆ ಅದು ಮಿದುಳಿನಲ್ಲಿ ತುಂಬಿಕೊಳ್ಳುತ್ತದೆ. ಪ್ರಯೋಗಕ್ಕೊಳಪಟ್ಟ ಮಕಾಕ್ ಮಂಗಗಳಲ್ಲಾದರೋ ಅದು ಹೆಚ್ಚಾಗಿ ಸಿಗುವುದು ಕರುಳಿನಲ್ಲಿ ಮತ್ತು ದುಗ್ಧಗ್ರಂಥಿಗಳಲ್ಲಿ. ಮನುಷ್ಯರಲ್ಲಿ ಮೊದಲ ಜ್ವರ ಇಳಿದ ಒಂದೆರಡು ವಾರಗಳಲ್ಲಿ ಕೆಲವರಿಗಷ್ಟೇ ಜ್ವರ ಮರುಕಳಿಸಿ, ತೀವ್ರ ತಲೆನೋವು, ಕುತ್ತಿಗೆ ಬಿಗಿತ, ನಡುಕ, ಗೊಂದಲ ಕಾಣಿಸಿಕೊಳ್ಳುತ್ತವೆ. ಈ ಎರಡನೇ ಸುತ್ತನ್ನು ಇಲಿಯಲ್ಲಾಗಲಿ ಮಂಗದಲ್ಲಾಗಲಿ ಯಥಾವತ್ತಾಗಿ ಮೂಡಿಸುವುದು ಕಷ್ಟ. ಹಾಗಾಗಿ ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಯುರೋಪಿನ ವೈರಸ್ಸಿನ ಉತ್ತರವನ್ನು ನೇರವಾಗಿ ಎರವಲು ತರಲು ನಾನು ಒಪ್ಪುವುದಿಲ್ಲ.